ಬಿಗ್ ಹೌಸ್ ಹೊರಗೆ ಕೊನೆ ಗಳಿಗೆಯಲ್ಲಿ ಟಿಕೆಟ್ ಸಿಗುತ್ತಾ? ಅಪ್ಪ ಅಮ್ಮ ಬಂದಿದ್ದಾರೆ, ಬಜೆಟ್ ಕಮ್ಮಿ

ಹಾಸನದ ಹುಡುಗ (ಆನ್ ಆರ್ಬರ್)

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ಅಕ್ಟೋಬರ್ ಮೊದಲ ವಾರ ವಾಪಸ್. ನಮ್ಮ ಮನೆ ಮಿಶಿಗನ್ ಯೂನಿವರ್ಸಿಟಿಯ ಫುಟ್‌ಬಾಲ್ ಸ್ಟೇಡಿಯಂಗೆ ಹತ್ತಿರ, ಬಿಗ್ ಹೌಸ್ ಅನ್ನುವುದು ಅದಕ್ಕೇ (ಅಮೆರಿಕನ್ ಫುಟ್‌ಬಾಲ್, ನಮ್ಮ ಕಡೆಯದ್ದಲ್ಲ). ಪಂದ್ಯದ ದಿನ ಬೆಳಿಗ್ಗೆಯೇ ಹಳದಿ-ನೀಲಿ ಬಟ್ಟೆ ತೊಟ್ಟವರು ಸಾಲುಗಟ್ಟಿ ಹೋಗುವುದನ್ನು ಅಪ್ಪ ಕಿಟಕಿಯಿಂದ ನೋಡಿ, ‘ಎಷ್ಟು ಜನ ಕೂರ್ತಾರೋ ಅಲ್ಲಿ?’ ಅಂತ ಕೇಳಿದರು. ಲಕ್ಷದ ಮೇಲೆ ಅಂದೆ. ನಂಬಲಿಲ್ಲ. ಈಗ ಒಳಗೆ ಹೋಗಿ ನೋಡಲೇಬೇಕು ಅಂತ ಹಟ ಹಿಡಿದು ಕೂತಿದ್ದಾರೆ.

ನಾನು ಸ್ಟೂಡೆಂಟ್ ಸೀಸನ್ ಟಿಕೆಟ್ ತೆಗೆದುಕೊಂಡಿಲ್ಲ. ಮೂರು ಟಿಕೆಟ್ ಬೇಕು, ಒಟ್ಟು 100 ಡಾಲರ್ ದಾಟಬಾರದು. ಬರುವ ಶನಿವಾರದ್ದು ಚಿಕ್ಕ ಟೀಮಿನ ಜೊತೆಗಿನ ಪಂದ್ಯ, ಮಧ್ಯಾಹ್ನ 12ಕ್ಕೆ. ಆ್ಯಪ್‌ಗಳಲ್ಲಿ ದಿನಕ್ಕೊಂದು ರೇಟು ತೋರಿಸುತ್ತಿದೆ. ಪಂದ್ಯ ಶುರುವಾಗುವ ಹೊತ್ತಿಗೆ ಗೇಟಿನ ಹೊರಗೆ ನಿಂತರೆ ಪುಕ್ಕಟೆಗೆ ಸಿಕ್ಕ ಹಾಗೆ ಸಿಗುತ್ತದೆ ಅಂತ ಲ್ಯಾಬಿನಲ್ಲಿ ಒಬ್ಬ ಹೇಳಿದ. ನಿಜಾನಾ? ವಯಸ್ಸಾದವರನ್ನು ಕರೆದುಕೊಂಡು ಹೋಗಿ ಬೀದಿಯಲ್ಲಿ ನಿಲ್ಲಿಸಿ, ಟಿಕೆಟ್ ಸಿಗದೆ ವಾಪಸ್ ಬರುವ ಹಾಗಾದರೆ ಕಷ್ಟ. ಗೊತ್ತಿರುವವರು ಹೇಳಿ.

ಕ್ಯಾಂಟನ್ ಅಕ್ಕ

ಸಿಗುತ್ತದೆ, ಧೈರ್ಯವಾಗಿ ಹೋಗು. ಆದರೆ ಯಾವ ಪಂದ್ಯ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ಆ ಸ್ಟೇಡಿಯಂನಲ್ಲಿ 1,07,601 ಸೀಟು. 1975ರ ನವೆಂಬರ್‌ನಿಂದ ಈಚೆಗೆ, ಕೋವಿಡ್‌ನ 2020 ಒಂದು ಬಿಟ್ಟರೆ, ಅಲ್ಲಿ ಲಕ್ಷಕ್ಕಿಂತ ಕಮ್ಮಿ ಜನ ಸೇರಿದ ಪಂದ್ಯವೇ ಇಲ್ಲ ಅಂತ ಲೆಕ್ಕ. ಅಂದರೆ ಎದುರಾಳಿ ಯಾರೇ ಇರಲಿ, ಟಿಕೆಟ್ ಮಾತ್ರ ಲಕ್ಷದ ಮೇಲೆ ಮಾರಾಟವಾಗಿರುತ್ತದೆ. ಇದರಲ್ಲಿ ಬಹುಪಾಲು ಸೀಸನ್ ಟಿಕೆಟ್. ವರ್ಷದ ಅಷ್ಟೂ ಪಂದ್ಯಕ್ಕೆ ಒಟ್ಟಿಗೆ ದುಡ್ಡು ಕಟ್ಟಿದವರು. ಅವರಿಗೆ ಬೇಕಾಗಿರುವುದು ಒಂದೋ ಎರಡೋ ದೊಡ್ಡ ಪಂದ್ಯ. ಸೆಪ್ಟೆಂಬರ್‌ನ ಚಿಕ್ಕ ಪಂದ್ಯಗಳು ಅದರ ಜೊತೆಗೆ ಗಂಟುಬಿದ್ದದ್ದು. 2023ರಲ್ಲಿ ಈಸ್ಟ್ ಕ್ಯಾರೊಲೈನಾ, ಯುಎನ್‌ಎಲ್‌ವಿ, ಬೌಲಿಂಗ್ ಗ್ರೀನ್ ಅಂತ ಮೂರು ಸಾಲಾಗಿ ಬಂದಿದ್ದವು. ಅಂಥ ದಿನ ಒಂದು ಮನೆಯವರ ಹತ್ತಿರ ನಾಲ್ಕು ಟಿಕೆಟ್ ಇದ್ದರೆ ಇಬ್ಬರೇ ಬರುತ್ತಾರೆ. ಉಳಿದೆರಡನ್ನು ಏನು ಮಾಡುವುದು? ಪಂದ್ಯ ಮುಗಿದ ಮೇಲೆ ಅದಕ್ಕೆ ಕಾಸಿನ ಬೆಲೆ ಇಲ್ಲ. ಹಾಗಾಗಿ ಗಡಿಯಾರ ಮುಂದೆ ಹೋದ ಹಾಗೆ ಬೆಲೆ ಕೆಳಗೆ ಇಳಿಯುತ್ತದೆ.

ನಿನ್ನ ಪಂದ್ಯ ಅಂಥದ್ದೇ. ಮೂರು ಒಟ್ಟಿಗೆ ಅಂತ ಮಾತ್ರ ಹುಡುಕಬೇಡ. ಅಪ್ಪ ಅಮ್ಮನಿಗೆ ಜೋಡಿ, ನಿನಗೆ ಒಂದು ಸಿಂಗಲ್. ಸಿಂಗಲ್ ಟಿಕೆಟ್ ಯಾರಿಗೂ ಬೇಡ, ಅದಕ್ಕೇ ಅದು ಅಗ್ಗ.

ಬಕೈ ರಾಯಚೂರು (ಕೊಲಂಬಸ್)

ಮೊದಲೇ ಹೇಳಿಬಿಡುತ್ತೇನೆ, ನಾನು ಮಿಶಿಗನ್‌ನ ಬದ್ಧ ಎದುರಾಳಿ ಓಹಾಯೋ ಸ್ಟೇಟ್ ಕಡೆಯವನು. ಬೈಬೇಡಿ.

ಬೀದಿಯಲ್ಲಿ ಕೊಳ್ಳುವ ಕಾಲ ಹೋಯಿತು ಅಂತ ನನ್ನ ಅಭಿಪ್ರಾಯ. ಈಗ ಎಲ್ಲಾ ಟಿಕೆಟ್ ಫೋನಿನಲ್ಲಿ. ಸೀಟ್‌ಗೀಕ್, ಸ್ಟಬ್‌ಹಬ್, ಟಿಕ್‌ಪಿಕ್, ಗೇಮ್‌ಟೈಮ್ ಯಾವುದಾದರೂ ಎರಡು ಹಾಕಿಕೊಂಡು ಕೂತಲ್ಲೇ ನೋಡಿ. ಗೇಮ್‌ಟೈಮ್ ಅಂತೂ ಕೊನೆ ಗಳಿಗೆಗೇ ಹುಟ್ಟಿದ್ದು, ಪಂದ್ಯ ಶುರುವಾದ ಮೇಲೂ ಮಾರುತ್ತಾರೆ. ಬೆಲೆ ಇಳಿಯುವುದು ಕಣ್ಣೆದುರೇ ಕಾಣುತ್ತದೆ. ರಸ್ತೆಯಲ್ಲಿ ನಿಂತವನಿಗೂ ಅದೇ ಆ್ಯಪ್ ಇದೆ, ಅವನೂ ಅದನ್ನೇ ನೋಡಿ ರೇಟು ಹೇಳುತ್ತಾನೆ. ಮತ್ತೆ ಅವನ ಹತ್ತಿರ ಯಾಕೆ ಹೋಗಬೇಕು?

ಮುಂಚೆ ಆ್ಯಪ್‌ನಲ್ಲಿ ಒಂದು ಕಿರಿಕಿರಿ ಇತ್ತು. 25 ಡಾಲರ್ ಅಂತ ತೋರಿಸಿ, ಕೊನೆಯ ಪುಟದಲ್ಲಿ ಫೀಸು ಅದೂ ಇದೂ ಸೇರಿಸಿ ತಲೆ ತಿರುಗಿಸುತ್ತಿದ್ದರು. 2025ರ ಮೇ 12ರಿಂದ ಫೆಡರಲ್ ನಿಯಮ ಬಂದಿದೆ, ಮೊದಲೇ ಪೂರ್ತಿ ಬೆಲೆ ತೋರಿಸಬೇಕು. ಈಗ ಹೋಲಿಸಿ ನೋಡುವುದು ಸುಲಭ.

ಟ್ರಾಯ್ ರಾಯರು

ಕೊಲಂಬಸ್‌ನವರ ಮಾತಿಗೆ ಇಲ್ಲಿ ಬೆಲೆ ಕಮ್ಮಿ ಅಂತ ಗೊತ್ತಿದ್ದೂ ಬಂದಿದ್ದೀರಿ, ಸಂತೋಷ. :)

ನೀವು ಹೇಳಿದ್ದರಲ್ಲಿ ಅರ್ಧ ಸರಿ. ಆ್ಯಪ್‌ನಲ್ಲಿ ಕೊಂಡರೆ ನೀವು ಕೊಡುವ ದುಡ್ಡಿನಲ್ಲಿ ಆ್ಯಪ್‌ನವರ ಪಾಲು ಇರುತ್ತದೆ, ಮಾರುವವನಿಗೂ ಕಡಿತ. ಬೀದಿಯಲ್ಲಿ ಆ ಮಧ್ಯದ ಪಾಲು ಇಲ್ಲ. ಅಲ್ಲಿ ಅವನು 20 ಕೇಳಿದರೆ 20 ಅವನಿಗೇ. ಅದಕ್ಕೇ 15ಕ್ಕೂ ಒಪ್ಪುತ್ತಾನೆ.

ನಾನು ಪೇಪರ್ ಟಿಕೆಟ್ ಕಾಲದಿಂದ ನೋಡಿದವನು. ಆಗ ಸ್ಟೇಡಿಯಂ ಬುಲೆವಾರ್ಡ್ ಮತ್ತು ಮೇನ್ ಸ್ಟ್ರೀಟ್ ಸೇರುವ ಮೂಲೆಯಲ್ಲಿ, ಪಯೋನಿಯರ್ ಹೈಸ್ಕೂಲಿನ ಎದುರು, ಬೀಸಣಿಗೆಯ ಹಾಗೆ ಟಿಕೆಟ್ ಹಿಡಿದು ನಿಂತಿರುತ್ತಿದ್ದರು. ‘ಟಿಕೆಟ್ ಬೇಕು’ ಅಂತ ರಟ್ಟು ಹಿಡಿದವನೇ ನಿಜವಾಗಿ ಮಾರುವವನು. ಅವನಿಗೆ ಬೇಕಿದ್ದದ್ದು ಅಗ್ಗಕ್ಕೆ ಕೊಂಡು ನಾಲ್ಕು ಹೆಜ್ಜೆ ಆಚೆ ಜಾಸ್ತಿಗೆ ಮಾರುವುದು. ಆ ರಟ್ಟು ಈಗಲೂ ಅಲ್ಲಲ್ಲಿ ಕಾಣುತ್ತದೆ. ಅವರ ಹತ್ತಿರ ಹೋಗಬೇಡಿ. ನಿಜವಾಗಿ ಬೇಕಾದವರು ಸುಮ್ನೆ ಬೆರಳು ಎತ್ತಿ ನಡೆಯುತ್ತಾರೆ. ಎರಡು ಬೇಕಾದರೆ ಎರಡು ಬೆರಳು. ಟಿಕೆಟ್ ಉಳಿದಿರುವ ಮನೆಯವರು ತಾವಾಗಿಯೇ ಕರೆಯುತ್ತಾರೆ.

ಹಾಸನದ ಹುಡುಗ (ಆನ್ ಆರ್ಬರ್)

ಅಕ್ಕಾ, ರಾಯರೇ, ತುಂಬಾ ಥ್ಯಾಂಕ್ಸ್. ನಮ್ಮೂರಲ್ಲಿ ಬ್ಲಾಕ್ ಟಿಕೆಟ್ ಅಂದರೆ ಹೊತ್ತು ಹೋದ ಹಾಗೆ ಏರುತ್ತಿತ್ತು. ಕೆ.ಜಿ. ರಸ್ತೆ ಥಿಯೇಟರ್‌ಗಳ ಹೊರಗೆ ‘ಐವತ್ತು ನೂರೈವತ್ತು’ ಅಂತ ಬಾಯೊಳಗೇ ಗೊಣಗುತ್ತಾ ಹಾದುಹೋಗುವವರನ್ನು ಅಪ್ಪ ಚೆನ್ನಾಗಿ ಬಲ್ಲರು. ಇಲ್ಲಿ ಇಳಿಯುತ್ತದೆ ಅಂದರೆ ನಂಬುತ್ತಿಲ್ಲ. ಅದು ಯಾಕೆ ಹೀಗೆ?

ಟ್ರಾಯ್ ರಾಯರು

ಯಾಕೆಂದರೆ ಅಲ್ಲಿ ಸೀಟು ಸಾವಿರ, ಕೊಳ್ಳುವವರು ಐದು ಸಾವಿರ. ಹೌಸ್‌ಫುಲ್ ಬೋರ್ಡು ಬಿದ್ದ ಮೇಲೆ ಬ್ಲಾಕಿನವನೇ ರಾಜ. ಇಲ್ಲಿ ಚಿಕ್ಕ ಪಂದ್ಯದ ದಿನ ಲೆಕ್ಕ ಉಲ್ಟಾ. ಸೀಟು ಲಕ್ಷ, ಬರಲೇಬೇಕು ಅನ್ನುವವರು ಅದಕ್ಕಿಂತ ಕಮ್ಮಿ. ದೊಡ್ಡ ಪಂದ್ಯದ ದಿನ ಇಲ್ಲೂ ಕೆ.ಜಿ. ರಸ್ತೆಯೇ. ನವೆಂಬರ್ ಕೊನೆಯ ಶನಿವಾರ ಓಹಾಯೋ ಸ್ಟೇಟ್ ಬಂದಾಗ ಗೇಟಿನ ಹತ್ತಿರ ಹೋಗಿ ನೋಡಿ, ಅಪ್ಪ ಇದ್ದಿದ್ದರೆ ತಮ್ಮೂರೇ ಅನ್ನಿಸುತ್ತಿತ್ತು.

ಹ್ಯಾಪಿ ವ್ಯಾಲಿ ಹುಬ್ಬಳ್ಳಿ

ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ಯೂನಿವರ್ಸಿಟಿಯಿಂದ ಒಂದು ಮಾತು. ಇಲ್ಲಿ ವೈಟ್ ಔಟ್ ಅಂತ ಒಂದು ರಾತ್ರಿ ಪಂದ್ಯ ಇರುತ್ತದೆ. ಎಲ್ಲರೂ ಬಿಳಿ ಬಟ್ಟೆ. ಬೀವರ್ ಸ್ಟೇಡಿಯಂ ಪೂರ್ತಿ ಹಾಲು ಬಣ್ಣ. ಆ ದಿನ ಹೊರಗೆ ನಿಂತು ಕಾದರೆ ಕಾಲು ನೋವು ಬರುತ್ತದೆ, ಟಿಕೆಟ್ ಬರುವುದಿಲ್ಲ. ಇಳಿಯಿತು ಅಂದರೂ ವಿದ್ಯಾರ್ಥಿ ಜೇಬಿಗೆ ಇಳಿದ ಹಾಗಲ್ಲ. ಮಾರನೇ ವಾರದ ಪಂದ್ಯಕ್ಕೆ ಹೋಗಿ, ಅದೇ ಸೀಟು, ಅದೇ ಬ್ಯಾಂಡು.

ಇನ್ನೊಂದು, ನಮ್ಮ ಊರು ಗುಡ್ಡಗಳ ನಡುವೆ, ಎಲ್ಲಿಂದ ಬಂದರೂ ಗಂಟೆಗಟ್ಟಲೆ ಡ್ರೈವು. ಅಷ್ಟು ದೂರ ಬಂದವರು ಟಿಕೆಟ್ ಇಲ್ಲದೆ ಬರುವುದಿಲ್ಲ, ಬಂದ ಮೇಲೆ ವಾಪಸ್ ಹೋಗುವುದೂ ಇಲ್ಲ. ಆನ್ ಆರ್ಬರ್ ಹಾಗಲ್ಲ. ಡೆಟ್ರಾಯ್ಟ್ ಸುತ್ತಮುತ್ತಲಿನವರು ಬೆಳಿಗ್ಗೆ ಎದ್ದು ಮಳೆ ನೋಡಿ ‘ಬೇಡ ಬಿಡು’ ಅಂತ ಮಲಗಿಬಿಡಬಹುದು. ಮನೆ ಹತ್ತಿರ ಇದ್ದವರೇ ಕೈಕೊಡುವುದು. ಅದರ ಲಾಭ ನಿಮಗೆ.

ಕ್ಯಾಂಟನ್ ಅಕ್ಕ

ಮಳೆ ವಿಷಯ ಸರಿಯಾಗಿ ಹೇಳಿದಿರಿ. ಹವಾಮಾನ ಕೆಟ್ಟಷ್ಟೂ ಬೆಲೆ ಇಳಿಯುತ್ತದೆ. ಆದರೆ ತಮ್ಮಾ, ಒಳಗೆ ಛತ್ರಿ ಬಿಡುವುದಿಲ್ಲ. ಪ್ಲಾಸ್ಟಿಕ್ ಪೊಂಚೊ ಮೂರು ತೆಗೆದುಕೋ. ಬ್ಯಾಗ್ ವಿಷಯದಲ್ಲೂ ಬಹಳ ಕಟ್ಟುನಿಟ್ಟು, ಅಮ್ಮ ವ್ಯಾನಿಟಿ ಬ್ಯಾಗ್ ತಂದರೆ ಗೇಟಿನಲ್ಲೇ ಫಜೀತಿ. ಹೊರಡುವ ಮುಂಚೆ ಯೂನಿವರ್ಸಿಟಿ ವೆಬ್‌ಸೈಟ್‌ನಲ್ಲಿ ಆ ವರ್ಷದ ನಿಯಮ ನೋಡಿಕೋ. ಒಮ್ಮೆ ಹೊರಗೆ ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ, ಅದನ್ನೂ ಅಪ್ಪನಿಗೆ ಹೇಳಿಡು.

ಈಗ ಮುಖ್ಯ ವಿಷಯ, ಹೊತ್ತು. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಕೇಳಿದರೆ ಯಾರೂ ಬಗ್ಗುವುದಿಲ್ಲ. ಟೇಲ್‌ಗೇಟ್‌ನಲ್ಲಿ (ಪಂದ್ಯಕ್ಕೆ ಮುಂಚೆ ಕಾರಿನ ಪಕ್ಕ ನಡೆಸುವ ಪಾರ್ಟಿ) ಬರ್ಗರ್ ಸುಡುತ್ತಾ ಆರಾಮಾಗಿ ಇರುತ್ತಾರೆ, ಇನ್ನೂ ಯಾರಾದರೂ ಜಾಸ್ತಿ ಕೊಡಬಹುದು ಅನ್ನುವ ಆಸೆ. ಹನ್ನೊಂದೂಕಾಲರ ಮೇಲೆ ಮುಖ ಬದಲಾಗುತ್ತದೆ. ಬರಬೇಕಿದ್ದ ನೆಂಟರು ಫೋನ್ ಮಾಡಿ ಬರುವುದಿಲ್ಲ ಅಂದಿರುತ್ತಾರೆ. ಬ್ಯಾಂಡು ಮೈದಾನಕ್ಕೆ ನುಗ್ಗುವ ಹೊತ್ತಿಗೆ ಟಿಕೆಟ್ ಇದ್ದವರಿಗೆಲ್ಲ ಒಳಗೆ ಓಡುವ ಆತುರ. ಸೀಸನ್ ಟಿಕೆಟ್‌ನವರು ಆ ಬ್ಯಾಂಡು ತಪ್ಪಿಸಿಕೊಳ್ಳುವುದಿಲ್ಲ. ಆಗ ‘ಎಷ್ಟು ಕೊಡ್ತೀಯಾ’ ಅಂತ ಅವರೇ ಕೇಳುತ್ತಾರೆ. ಅತೀ ಅಗ್ಗ ಬೇಕೆಂದರೆ ಪಂದ್ಯ ಶುರುವಾಗಿ ಹತ್ತು ಹದಿನೈದು ನಿಮಿಷ. ಅಲ್ಲಿಂದಾಚೆ ಮಾರುವವರೇ ಇರುವುದಿಲ್ಲ, ಬೀದಿ ಖಾಲಿ.

ಪಂದ್ಯ ಒಟ್ಟು ಮೂರೂವರೆ ಗಂಟೆ ಹಿಡಿಯುತ್ತದೆ. ಹತ್ತು ನಿಮಿಷ ಹೋದರೆ ಏನೂ ನಷ್ಟ ಇಲ್ಲ. ಆದರೆ ನನ್ನನ್ನು ಕೇಳಿದರೆ ಹತ್ತು ಡಾಲರ್ ಜಾಸ್ತಿ ಕೊಟ್ಟಾದರೂ ಬ್ಯಾಂಡಿಗೆ ಮುಂಚೆ ಒಳಗೆ ಹೋಗು. ಆಟ ಅಪ್ಪ ಅಮ್ಮನಿಗೆ ಅರ್ಥ ಆಗುತ್ತದೋ ಇಲ್ಲವೋ. ಸುರಂಗದಿಂದ ಆ ಬ್ಯಾಂಡು ಹೊರಬರುವುದು, ಆಟಗಾರರು ಓಡಿಬಂದು ಹಾರಿ ಬ್ಯಾನರ್ ಮುಟ್ಟುವುದು, ಅದು ಯಾರಿಗಾದರೂ ಅರ್ಥ ಆಗುತ್ತದೆ.

ಇಪ್ಸಿ ಇಡ್ಲಿ

ಅಕ್ಕ ಹೇಳಿದ ಬ್ಯಾಂಡ್ ಮಾತಿಗೆ ನನ್ನದೂ ಒಂದು ವೋಟು.

ಬಕೈ ರಾಯಚೂರು (ಕೊಲಂಬಸ್)

ಮೋಸದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನನ್ನ ರೂಮ್‌ಮೇಟ್ ಒಬ್ಬನಿಗೆ ಬೀದಿಯಲ್ಲಿ ಸ್ಕ್ರೀನ್‌ಶಾಟ್ ಮಾರಿದ್ದರು. ನೋಡಲು ಟಿಕೆಟ್ ತರಹವೇ ಇತ್ತು, ಸೆಕ್ಷನ್, ಸಾಲು, ಬಾರ್‌ಕೋಡ್ ಎಲ್ಲಾ. ಗೇಟಿನಲ್ಲಿ ಸ್ಕ್ಯಾನರ್ ಕೆಂಪು ತೋರಿಸಿತು. ಅಷ್ಟರಲ್ಲಿ ಮಾರಿದವನು ಎಲ್ಲಿ? ಲಕ್ಷ ಜನರಲ್ಲಿ ಹುಡುಕಿ. ಈಗ ಬಹಳ ಕಡೆ ಬಾರ್‌ಕೋಡ್ ತಾನಾಗಿಯೇ ಬದಲಾಗುತ್ತಿರುತ್ತದೆ, ಸ್ಕ್ರೀನ್‌ಶಾಟ್ ಅಂದರೆ ಬರೀ ಚಿತ್ರ. ಬದಲಾಗದ ಬಾರ್‌ಕೋಡ್ ಇದ್ದರೂ ಅದೇ ಚಿತ್ರವನ್ನು ಹತ್ತು ಜನಕ್ಕೆ ಮಾರಿರಬಹುದು. ಮೊದಲು ಸ್ಕ್ಯಾನ್ ಆದವನಿಗೆ ಮಾತ್ರ ಸೀಟು.

ಅದಕ್ಕೇ ನಾನು ಆ್ಯಪ್ ಅನ್ನುವುದು. ಏನಾದರೂ ಆದರೆ ದುಡ್ಡು ವಾಪಸ್ ಕೇಳಲು ಒಂದು ಬಾಗಿಲು ಇರುತ್ತದೆ.

ಕ್ಯಾಂಟನ್ ಅಕ್ಕ

ರಾಯಚೂರಿನವರೇ, ಒಪ್ಪಿದೆ. ಆದರೆ ಇದಕ್ಕೆ ದಾರಿ ಇದೆ, ಹೆದರಿ ಕೂರಬೇಕಾಗಿಲ್ಲ.

ಟ್ರಾನ್ಸ್‌ಫರ್ ಆಗದೆ ದುಡ್ಡು ಬಿಚ್ಚಬಾರದು. ಇಷ್ಟೇ. ಅವರು ತಮ್ಮ ಟಿಕೆಟ್ ಖಾತೆಯಿಂದ ನಿನ್ನ ಇಮೇಲಿಗೋ ಫೋನ್ ನಂಬರಿಗೋ ಕಳಿಸಬೇಕು. ನೀನು ಒಪ್ಪಿಕೊಂಡು, ಅದು ನಿನ್ನ ಖಾತೆಗೆ ಬಂದು, ಫೋನಿನ ವಾಲೆಟ್ ಆ್ಯಪ್‌ನಲ್ಲಿ ಸೆಕ್ಷನ್, ಸಾಲು, ಸೀಟು ಕಾಣಬೇಕು. ತಾರೀಖು ನೋಡು, ಎದುರಾಳಿ ಹೆಸರು ನೋಡು. ಕಳೆದ ವಾರದ ಟಿಕೆಟ್ ದಾಟಿಸುವವರೂ ಇದ್ದಾರೆ. ಆಮೇಲೆ ದುಡ್ಡು. ಮಾರುವವರಿಗೂ ಭಯ ಇರುತ್ತದೆ, ನೀನು ಟಿಕೆಟ್ ತೆಗೆದುಕೊಂಡು ಓಡಿಹೋದರೆ ಅಂತ. ಅದಕ್ಕೆ ನೋಟು ಕೈಯಲ್ಲಿ ಕಾಣುವ ಹಾಗೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿರು. ಐದು, ಹತ್ತು, ಇಪ್ಪತ್ತರ ಚಿಲ್ಲರೆ ನೋಟು ಇಟ್ಟುಕೋ. ಅವರ ಹತ್ತಿರ ಚೇಂಜ್ ಇರುವುದಿಲ್ಲ.

ಜೆಲ್ ಮಾಡು, ಅಥವಾ ವೆನ್ಮೋದಲ್ಲಿ ಫ್ರೆಂಡ್ಸ್ ಅಂತ ಕಳಿಸು (ಎರಡೂ ಫೋನಿನಲ್ಲಿ ದುಡ್ಡು ಕಳಿಸುವ ದಾರಿ) ಅಂದರೆ, ಕಳಿಸಿದ ದುಡ್ಡು ವಾಪಸ್ ತರಲು ಸಾಧ್ಯವಿಲ್ಲ ಅಂತ ತಿಳಿದೇ ಕಳಿಸು. ಮುಂಚೆಯೇ ಜೆಲ್ ಮಾಡು, ಆಮೇಲೆ ಟಿಕೆಟ್ ಕಳಿಸುತ್ತೇನೆ ಅನ್ನುವವರಿಗೆ ಕೈಮುಗಿದು ಮುಂದೆ ನಡೆ.

ಟ್ರಾಯ್ ರಾಯರು

ಇದಕ್ಕೆ ಒಂದು ಸೇರಿಸುತ್ತೇನೆ. ಲಕ್ಷ ಜನ ಒಂದೇ ಕಡೆ ಸೇರಿದಾಗ ಫೋನ್ ನೆಟ್‌ವರ್ಕ್ ಸತ್ತುಹೋಗುತ್ತದೆ. ಟ್ರಾನ್ಸ್‌ಫರ್ ಸುತ್ತುತ್ತಾ ಸುತ್ತುತ್ತಾ ನಿಂತುಬಿಡುತ್ತದೆ. ಆ ಹೊತ್ತಿನಲ್ಲಿ ಹೊಸ ಖಾತೆ ತೆರೆಯುವುದು, ಪಾಸ್‌ವರ್ಡ್ ಮರೆತು ಒಟಿಪಿಗೆ ಕಾಯುವುದು ಬೇಡ. ಮನೆಯಲ್ಲೇ ವೈಫೈನಲ್ಲಿ ಯೂನಿವರ್ಸಿಟಿಯ ಟಿಕೆಟ್ ಖಾತೆ ಮಾಡಿ, ಲಾಗಿನ್ ಆಗಿ, ಕಾರ್ಡ್ ಸೇರಿಸಿ ಇಟ್ಟುಕೊಳ್ಳಿ. ಟಿಕೆಟ್ ಬಂದ ಕೂಡಲೇ ವಾಲೆಟ್‌ಗೆ ಹಾಕಿ. ಗೇಟಿನಿಂದ ಎರಡು ಬೀದಿ ಹಿಂದೆಯೇ ವ್ಯವಹಾರ ಮುಗಿಸಿದರೆ ಒಳ್ಳೆಯದು, ಅಲ್ಲಿ ಸಿಗ್ನಲ್ ಸ್ವಲ್ಪ ಬದುಕಿರುತ್ತದೆ. ಫೋನ್ ಚಾರ್ಜ್ ಪೂರ್ತಿ ಇರಲಿ. ಮೂರು ಟಿಕೆಟ್ ಒಂದೇ ಫೋನಿನಲ್ಲಿ ಇದ್ದರೂ ನಡೆಯುತ್ತದೆ, ಒಂದಾದ ಮೇಲೊಂದು ಸ್ಕ್ಯಾನ್ ಮಾಡಿಸಿ.

ಹಾಸನದ ಹುಡುಗ (ಆನ್ ಆರ್ಬರ್)

ಸ್ಟೂಡೆಂಟ್ ಟಿಕೆಟ್ ಬಹಳ ಅಗ್ಗಕ್ಕೆ ಇದೆ ಅಂತ ಕ್ಲಾಸ್ ಗ್ರೂಪಿನಲ್ಲಿ ಒಬ್ಬ ಹಾಕಿದ್ದಾನೆ. ಅಪ್ಪ ಅಮ್ಮನಿಗೆ ಅದೇ ತೆಗೆದುಕೊಳ್ಳಲಾ?

ಇಪ್ಸಿ ಇಡ್ಲಿ

ಬೇಡ ಗುರು. ಒಂದು, ಸ್ಟೂಡೆಂಟ್ ಟಿಕೆಟ್‌ಗೆ ಗೇಟಿನಲ್ಲಿ ಐಡಿ ಕಾರ್ಡ್ ಕೇಳಬಹುದು. ಹೊರಗಿನವರು ಬಳಸಬೇಕೆಂದರೆ ಬಹಳ ಕಾಲೇಜುಗಳಲ್ಲಿ ಜಾಸ್ತಿ ದುಡ್ಡು ಕಟ್ಟಿ ಬದಲಾಯಿಸಿಕೊಳ್ಳಬೇಕು. ಅದನ್ನು ಸೇರಿಸಿದರೆ ಅಗ್ಗ ಅಗ್ಗವಾಗಿ ಉಳಿಯುವುದಿಲ್ಲ. ಎರಡು, ಆ ಕಡೆ ಯಾರೂ ಕೂರುವುದಿಲ್ಲ. ಮೂರೂವರೆ ಗಂಟೆ ಬೆಂಚಿನ ಮೇಲೆ ನಿಂತು ಕುಣಿಯುತ್ತಾರೆ. ನಿಮ್ಮಮ್ಮನಿಗೆ ಮುಂದಿನವನ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ. ಮೂರನೆಯದು, ಅಲ್ಲಿ ಕೂಗುವ ಕೆಲವು ಮಾತು ಅಮ್ಮನಿಗೆ ಇಂಗ್ಲಿಷ್ ಬರದಿದ್ದರೂ ಅರ್ಥ ಆಗಿಬಿಡುತ್ತದೆ.

ಸೀಟಿನ ಬಗ್ಗೆ: ಬಿಗ್ ಹೌಸ್ ಹೊರಗಿನಿಂದ ನೋಡಿದರೆ ಅಷ್ಟು ಎತ್ತರ ಅನ್ನಿಸುವುದಿಲ್ಲ. 1927ರಲ್ಲಿ ಕಟ್ಟುವಾಗ ನೆಲ ಅಗೆದು ಕೆಳಕ್ಕೆ ಇಳಿಸಿದ್ದಾರೆ. ಒಳಗೆ ಹೋದ ಮೇಲೆ ಮೈದಾನ ಕಾಲ ಕೆಳಗೆ ಆಳದಲ್ಲಿ ಇರುತ್ತದೆ. ಮುಂದಿನ ಸಾಲು ಸಿಕ್ಕಿತು ಅಂತ ಖುಷಿಪಟ್ಟರೆ ಅಷ್ಟೂ ಮೆಟ್ಟಿಲು ಇಳಿಯಬೇಕು. ಟಾಯ್ಲೆಟ್‌ಗೆ ಹೋಗಬೇಕೆಂದರೆ ಅಷ್ಟೂ ಹತ್ತಬೇಕು. ಮಂಡಿ ನೋವು ಇದ್ದರೆ ಮುಂದಿನ ಸಾಲು ಬೇಡವೇ ಬೇಡ. ಅಗ್ಗದ ಸೀಟುಗಳು ಹೇಗೂ ಹಿಂದೆಯೇ ಇರುತ್ತವೆ. ಅಲ್ಲಿಂದ ಪೂರ್ತಿ ಮೈದಾನ ಕಾಣುತ್ತದೆ, ಆಟದ ಗೊತ್ತು ಗುರಿ ಇಲ್ಲದವರಿಗೆ ಅದೇ ವಾಸಿ. ಕೂರುವುದು ಬೆಂಚಿನ ಮೇಲೆ, ಒರಗಲು ಏನೂ ಇಲ್ಲ, ಸೀಟು ನಂಬರು ಒತ್ತೊತ್ತಾಗಿ ಬರೆದಿದ್ದಾರೆ.

ಗ್ರಾಡ್ ಸ್ಕೂಲ್ ಗೌಡ

ನಾನೊಂದು ಬೇರೆ ಪ್ರಶ್ನೆ ಕೇಳಲಾ? ನಾನು ಸೀಸನ್ ಟಿಕೆಟ್ ಕೊಂಡಿದ್ದೇನೆ. ಓಹಾಯೋ ಸ್ಟೇಟ್ ಪಂದ್ಯದ್ದು ಒಂದು ಮಾರಿದರೆ ಇಡೀ ಸೀಸನ್ ದುಡ್ಡು ವಾಪಸ್ ಬರುತ್ತದೆ ಅನ್ನುತ್ತಾರೆ. ಇನ್ನೂ ಎರಡು ಮೂರು ಜನರದ್ದು ಕೊಂಡು ಮಾರೋಣ ಅಂತ ಯೋಚನೆ.

ಟ್ರಾಯ್ ರಾಯರು

ನಿಮ್ಮ ಟಿಕೆಟ್ ನೀವು ಹೋಗಲಾಗದೆ ಮಾರುವುದು ಒಂದು. ಕೊಂಡು ಮಾರುವ ವ್ಯಾಪಾರಕ್ಕೆ ಇಳಿಯುವುದು ಇನ್ನೊಂದು. ಎಫ್-1 ವೀಸಾದಲ್ಲಿ, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಇದ್ದೀರಿ. ಅದನ್ನು ಅನುಮತಿ ಇಲ್ಲದ ಕೆಲಸ ಅಂತ ಯಾರಾದರೂ ನೋಡಿದರೆ ನಾಲ್ಕು ಕಾಸಿಗೆ ವೀಸಾ ತೊಂದರೆಗೆ ಸಿಗುತ್ತೀರಿ. ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳದೆ ಕೈ ಹಾಕಬೇಡಿ. ಮರುಮಾರಾಟದ ಕಾನೂನೂ ರಾಜ್ಯಕ್ಕೊಂದು ತರಹ. ಕೆಲವು ಕಡೆ ಸ್ಟೇಡಿಯಂ ಸುತ್ತ ಇಷ್ಟು ಅಡಿ ಒಳಗೆ ಮಾರಬಾರದು ಅಂತಲೇ ಇದೆ. ನನಗೆ ಈ ವ್ಯಾಪಾರ ಹಿಡಿಸುವುದೂ ಇಲ್ಲ, ಬಿಡಿ.

ಗ್ರಾಡ್ ಸ್ಕೂಲ್ ಗೌಡ

ಸರಿ ಸರ್, ಕೈಬಿಟ್ಟೆ. ನಾನೇ ಹೋಗಿ ನೋಡುತ್ತೇನೆ.

ಕ್ಯಾಂಟನ್ ಅಕ್ಕ

ತಮ್ಮಾ ಹಾಸನದವನೇ, ನಾಳೆ ಬಟ್ಟೆ ಮರೆಯಬೇಡ. ಮೂವರೂ ಹಳದಿ ಅಥವಾ ನೀಲಿ ಹಾಕಿ. ನಗಬೇಡ, ಇದಕ್ಕೆ ಕಾರಣ ಇದೆ. ಮನೆಯವರು ಉಳಿದ ಟಿಕೆಟ್ ಕೊಡುವಾಗ ದುಡ್ಡಿಗಿಂತ ಪಕ್ಕದಲ್ಲಿ ಯಾರು ಬಂದು ಕೂರುತ್ತಾರೆ ಅಂತ ಜಾಸ್ತಿ ನೋಡುತ್ತಾರೆ. ಎದುರಾಳಿಯವನು ಬಂದು ಕಿವಿಯ ಹತ್ತಿರ ಕಿರುಚುವುದು ಯಾರಿಗೂ ಬೇಡ. ಅಪ್ಪ ಅಮ್ಮ ಮೊದಲ ಸಲ ನೋಡುತ್ತಿದ್ದಾರೆ ಅಂತ ಹೇಳು. ದಂಧೆಯವನಿಗೆ ಅದರಿಂದ ಏನೂ ಆಗುವುದಿಲ್ಲ, ಬೆಲೆ ಏರಿಸುತ್ತಾನೆ ಅಷ್ಟೇ. ಆದರೆ ಮೊಮ್ಮಕ್ಕಳ ಜೊತೆ ಬಂದಿರುವ ಅಜ್ಜ ಅಜ್ಜಿಯರ ಹತ್ತಿರ ಆ ಮಾತು ಕೆಲಸ ಮಾಡುತ್ತದೆ.

ಇನ್ನೊಂದು ಕೈಯಲ್ಲಿ ಆ್ಯಪ್ ತೆರೆದೇ ಇರಲಿ. ಬೀದಿ ಬೇಕೋ ಆ್ಯಪ್ ಬೇಕೋ ಅಂತ ಇವರಿಬ್ಬರೂ ಸುಮ್ನೆ ಜಗಳ ಆಡುತ್ತಿದ್ದಾರೆ. ಆ್ಯಪ್‌ನಲ್ಲಿ ಅತಿ ಕಮ್ಮಿ ಎಷ್ಟಿದೆಯೋ ಅದಕ್ಕಿಂತ ಕಮ್ಮಿ ಬೀದಿಯಲ್ಲಿ ಸಿಕ್ಕರೆ ತಗೋ, ಇಲ್ಲದಿದ್ದರೆ ಅಲ್ಲೇ ನಿಂತು ಫೋನಿನಲ್ಲಿ ತಗೋ. ಫೋನಿನಲ್ಲಿ ಕೊಳ್ಳುವುದಾದರೆ ಕೂಡಲೇ ತಲುಪುತ್ತದೆ ಅಂತ ಗುರುತು ಇರುವುದನ್ನೇ ಆರಿಸು.

ಬಕೈ ರಾಯಚೂರು (ಕೊಲಂಬಸ್)

ಜಗಳ ಅಲ್ಲ ಅಕ್ಕಾ, ಚರ್ಚೆ. :) ಕೊನೆಯ ಸಾಲಿಗೆ ನನ್ನ ಸಹಿ ಇದೆ.

ಹಾಸನದ ಹುಡುಗ (ಆನ್ ಆರ್ಬರ್)

ಹೋಗಿಬಂದೆವು! ಒಟ್ಟು 55 ಡಾಲರ್. ವಿವರವಾಗಿ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಹನ್ನೊಂದಕ್ಕೆ ಹೂವರ್ ಬೀದಿ ಕಡೆಯಿಂದ ನಡೆದೆವು. ಅಪ್ಪನಿಗೆ ಬೆರಳು ಎತ್ತುವ ಕೆಲಸ ಕೊಟ್ಟಿದ್ದೆ. ಎರಡು ಬೆರಳು ಎತ್ತಿ ಎಂಎಲ್‌ಎ ಗೆದ್ದು ಮೆರವಣಿಗೆ ಬಂದಂತೆ ನಡೆಯುತ್ತಿದ್ದರು. ಇಬ್ಬರು ಬಂದು 40ಕ್ಕೆ ಒಂದು ಅಂದರು. ಒಬ್ಬನ ಹತ್ತಿರ ಎರಡು ಫೋನ್ ಇತ್ತು, ಟ್ರಾನ್ಸ್‌ಫರ್ ಮಾಡು ಅಂದರೆ ‘ಮೊದಲು ಜೆಲ್’ ಅಂದ. ಕೈಮುಗಿದೆ. ಆ್ಯಪ್‌ನಲ್ಲಿ ಆಗ 28 ತೋರಿಸುತ್ತಿತ್ತು.

ಹನ್ನೊಂದೂವರೆ ದಾಟಿದ ಮೇಲೆ ಒಬ್ಬ ವಯಸ್ಸಾದವರು, ತಲೆಗೆ ಹಳೇ ನೀಲಿ ಟೋಪಿ, ಹೆಂಡತಿಯ ಕೈ ಹಿಡಿದು ಬರುತ್ತಿದ್ದರು. ಅಪ್ಪನ ಬೆರಳು ನೋಡಿ ನಿಂತರು. ಮಗಳ ಮನೆಯವರು ಬರಬೇಕಿತ್ತಂತೆ, ಮಗುವಿಗೆ ಜ್ವರ. ಎರಡು ಟಿಕೆಟ್ ಇತ್ತು. ಎಷ್ಟು ಅಂದೆ. ನೀವೇ ಹೇಳಿ ಅಂದರು. ಅಪ್ಪ ಪಕ್ಕದಿಂದ ಕನ್ನಡದಲ್ಲಿ ‘ಇಪ್ಪತ್ತು ಅನ್ನು, ಇಪ್ಪತ್ತು ಅನ್ನು’ ಅಂತ ತಿವಿಯುತ್ತಿದ್ದರು. ಎರಡಕ್ಕೂ ಸೇರಿ 40 ಅಂದೆ, ಸರಿ ಅಂದರು. ಅವರಿಗೆ ಟ್ರಾನ್ಸ್‌ಫರ್ ಮಾಡಲು ಬರುತ್ತಿರಲಿಲ್ಲ. ಕನ್ನಡಕ ತೆಗೆದು ಫೋನ್ ನನ್ನ ಕೈಗೇ ಕೊಟ್ಟುಬಿಟ್ಟರು. ಅವರ ಫೋನಿನಿಂದ ನಾನೇ ನನಗೆ ಕಳಿಸಿಕೊಂಡೆ. ರಾಯರು ಹೇಳಿದ ಹಾಗೆಯೇ ಸುತ್ತುತ್ತಾ ನಿಂತಿತು. ಅವರೂ ನಾವೂ ವಾಪಸ್ ಮೂಲೆಯ ತನಕ ನಡೆದು ಬಂದ ಮೇಲೆ ಬಂತು. ಅಷ್ಟು ಹೊತ್ತೂ ಅಮ್ಮ ಮತ್ತು ಆ ಅಜ್ಜಿ ಸೀರೆ ಬಗ್ಗೆ ಮಾತಾಡಿದರು. ಯಾವ ಭಾಷೆಯಲ್ಲಿ ಅಂತ ಕೇಳಬೇಡಿ.

ನನಗೆ ಸಿಂಗಲ್ 15ಕ್ಕೆ ಸಿಕ್ಕಿತು, ಅದು ಆ್ಯಪ್‌ನಲ್ಲೇ, ಹನ್ನೆರಡಕ್ಕೆ ಐದು ನಿಮಿಷ ಇದ್ದಾಗ. ಆದರೆ ಅಪ್ಪ ಅಮ್ಮನನ್ನು ಮೊದಲೇ ಅವರ ಜೊತೆ ಒಳಗೆ ಕಳಿಸಿಬಿಟ್ಟಿದ್ದೆ, ಬ್ಯಾಂಡು ತಪ್ಪಬಾರದು ಅಂತ. ಟಿಕೆಟ್ ನನ್ನ ಫೋನಿನಲ್ಲಿ ಇದ್ದದ್ದಕ್ಕೆ ಗೇಟಿನ ತನಕ ಹೋಗಿ ಸ್ಕ್ಯಾನ್ ಮಾಡಿಸಿ, ನಾನು ಹೊರಗೇ ಉಳಿದೆ.

ಕ್ಯಾಂಟನ್ ಅಕ್ಕ

ಭಾಷೆ ಬರದ ಊರಲ್ಲಿ ಅಪ್ಪ ಅಮ್ಮನನ್ನು ಯಾರೋ ಗೊತ್ತಿಲ್ಲದವರ ಜೊತೆ ಕಳಿಸಿದ್ದೀಯಾ? ನಾನಾಗಿದ್ದರೆ ಕಳಿಸುತ್ತಿರಲಿಲ್ಲ. ಹೋಗಲಿ, ಒಳ್ಳೆಯವರು ಸಿಕ್ಕರು.

ಹಾಸನದ ಹುಡುಗ (ಆನ್ ಆರ್ಬರ್)

ಅಮ್ಮನ ಹತ್ತಿರ ಫೋನ್ ಇತ್ತು ಅಕ್ಕಾ. ಆದರೆ ಕರೆ ಹೋಗುತ್ತಿರಲಿಲ್ಲ, ಅದು ಬೇರೆ ವಿಷಯ.

ನನ್ನ ಸೀಟು ಎಲ್ಲೋ ಮೂಲೆಯಲ್ಲಿ ಇತ್ತು. ಮೊದಲ ಅರ್ಧದಲ್ಲೇ ಎದುರಾಳಿ ಎದ್ದೇಳಲಾರದಷ್ಟು ಮಿಶಿಗನ್ ಮುಂದೆ ಹೋಯಿತು. ಹಾಫ್‌ಟೈಮ್‌ನಲ್ಲಿ ಬ್ಯಾಂಡ್ ನೋಡಿಕೊಂಡು ಬಹಳ ಜನ ಎದ್ದು ಹೊರಟರು. ನಾನು ಹೋಗಿ ಅಪ್ಪನ ಪಕ್ಕ ಕೂತೆ, ಯಾರೂ ಕೇಳಲಿಲ್ಲ. ಕಾಲಲ್ಲಿ ಒದೆಯುವುದು ಅಪರೂಪ, ಇದಕ್ಕೆ ಫುಟ್‌ಬಾಲ್ ಅಂತ ಯಾಕೆ ಅಂದರು ಅಂತ ಅಪ್ಪ ಕೇಳುತ್ತಲೇ ಇದ್ದರು. ಆದರೆ ಮೂರನೇ ಕ್ವಾರ್ಟರ್ ಹೊತ್ತಿಗೆ ನಾಲ್ಕು ಸಲದಲ್ಲಿ ಹತ್ತು ಗಜ ಅನ್ನುವ ಲೆಕ್ಕ ಹಿಡಿದುಬಿಟ್ಟರು. ಪಕ್ಕದ ಅಜ್ಜ ಬೆರಳಲ್ಲಿ ಎಣಿಸಿ ತೋರಿಸಿದ್ದಂತೆ.

ಟ್ರಾಯ್ ರಾಯರು

ಸಂತೋಷ ಆಯಿತು. ಚಿಕ್ಕ ಪಂದ್ಯ ಅಂತ ಮೂಗು ಮುರಿಯುವವರಿಗೆ ನಾನು ಯಾವಾಗಲೂ 2007ರ ಸೆಪ್ಟೆಂಬರ್ 1 ನೆನಪಿಸುತ್ತೇನೆ. ಅಪಲಾಚಿಯನ್ ಸ್ಟೇಟ್ ಅನ್ನುವ ಹೆಸರು ಅಷ್ಟಾಗಿ ಯಾರೂ ಕೇಳದ ಟೀಮು ಬಂದಿತ್ತು. ಮಿಶಿಗನ್ ಆಗ ದೇಶಕ್ಕೆ 5ನೇ ಸ್ಥಾನದಲ್ಲಿ ಇತ್ತು. ಅಂದೂ ಇದೇ ಕಥೆ, ಯಾರಿಗೂ ಬೇಡದ ಪಂದ್ಯ. ಕೊನೆಯ ಕ್ಷಣದಲ್ಲಿ ಮಿಶಿಗನ್‌ನವರು ಫೀಲ್ಡ್ ಗೋಲಿಗೆ (ಕಂಬಗಳ ನಡುವೆ ದಾಟಿಸಲು) ಒದ್ದ ಚೆಂಡನ್ನು ಅಡ್ಡಗಟ್ಟಿ 34-32ರಲ್ಲಿ ಗೆದ್ದುಕೊಂಡು ಹೋದರು. ಅಗ್ಗಕ್ಕೆ ಒಳಗೆ ಹೋದವರು ಇವತ್ತಿಗೂ ಆ ದಿನ ನಾನು ಅಲ್ಲಿದ್ದೆ ಅಂತ ಹೇಳಿಕೊಳ್ಳುತ್ತಾರೆ.

ಬಕೈ ರಾಯಚೂರು (ಕೊಲಂಬಸ್)

ಆ ಪಂದ್ಯದ ವಿಡಿಯೊ ನಾವು ಕೊಲಂಬಸ್‌ನಲ್ಲಿ ಹಬ್ಬಕ್ಕೆ ಹಾಕಿ ನೋಡುತ್ತೇವೆ ರಾಯರೇ.

ತಮಾಷೆ ಬಿಡಿ. ದೊಡ್ಡ ಪಂದ್ಯಕ್ಕೆ ಈ ಲೆಕ್ಕ ಹಾಕಿಕೊಂಡು ಯಾರೂ ಬರಬೇಡಿ. 2024ರ ಡಿಸೆಂಬರ್ 21ರಂದು ನಮ್ಮಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಪ್ಲೇಆಫ್ ಮೊದಲ ಸುತ್ತು, ಟೆನೆಸ್ಸೀ ಬಂದಿತ್ತು. ಕೊರೆಯುವ ಚಳಿ, ಕ್ರಿಸ್‌ಮಸ್ ರಜೆ. ಇಳಿಯುತ್ತದೆ ಅಂತ ನಮ್ಮವರೇ ಕಾದರು. ಟೆನೆಸ್ಸೀಯವರು ತಂಡೋಪತಂಡವಾಗಿ ಬಂದು ಕೊಂಡುಬಿಟ್ಟರು, ಸ್ಟೇಡಿಯಂ ಒಳಗೆ ಎಲ್ಲಿ ನೋಡಿದರೂ ಕಿತ್ತಳೆ ಬಣ್ಣ. ಗೆದ್ದದ್ದು ನಾವೇ, 42-17. ಆದರೆ ಎದುರಾಳಿಯ ಜನ ದೂರದಿಂದ ಬರುವವರಾದರೆ ಹವಾಮಾನ ನಂಬಿಕೊಂಡು ಕೂರಬೇಡಿ ಅಂತ ಹೇಳಿದೆ.

ಗ್ರಾಡ್ ಸ್ಕೂಲ್ ಗೌಡ

ಅಪ್ಪ ಅಮ್ಮ ಹೋದ ಮೇಲೆ ಇನ್ನೊಂದು ಅಗ್ಗದ ಪಂದ್ಯ ನೋಡುವ ಪ್ಲಾನ್ ಇದೆಯಾ? ನಾನೂ ಬರುತ್ತೇನೆ. ಆದರೆ ನವೆಂಬರ್‌ನಲ್ಲಿ ಬಿಗ್ ಹೌಸ್ ಹತ್ತಿರ ಹೋಗುವಷ್ಟು ದುಡ್ಡಿಲ್ಲ.

ಇಪ್ಸಿ ಇಡ್ಲಿ

ಬಿಗ್ ಹೌಸ್ ಯಾಕೆ, ನಮ್ಮ ಇಪ್ಸಿಲಾಂಟಿಗೆ ಬನ್ನಿ. ಈಸ್ಟರ್ನ್ ಮಿಶಿಗನ್ ಯೂನಿವರ್ಸಿಟಿಯ ರೈನರ್ಸನ್ ಸ್ಟೇಡಿಯಂ, ಆನ್ ಆರ್ಬರ್ ಪಕ್ಕದಲ್ಲೇ. ಮೈದಾನ ಹಸಿರಲ್ಲ, 2014ರಿಂದ ಬೂದು ಬಣ್ಣದ ಕೃತಕ ಹುಲ್ಲು ಹಾಸಿದ್ದಾರೆ, ನೋಡಲು ಸಿಮೆಂಟ್ ಹಾಕಿದ ಹಾಗಿದೆ. ನವೆಂಬರ್ ಬಂದರೆ ಅವರ ಲೀಗಿನ ಟೀಮುಗಳು ಟಿವಿಗೋಸ್ಕರ ಮಂಗಳವಾರ, ಬುಧವಾರ ರಾತ್ರಿ ಆಡುತ್ತವೆ. ಚಳಿಗೆ ಜನವೇ ಇರುವುದಿಲ್ಲ. ಹೊರಗೆ ಬೆರಳು ಎತ್ತುವುದೂ ಬೇಡ, ಚೌಕಾಸಿಯೂ ಬೇಡ, ಅಗ್ಗದ ಟಿಕೆಟ್ ಕೊಂಡು ಬೇಕಾದ ಕಡೆ ಕಾಲು ಚಾಚಿ ಕೂರಬಹುದು.

ವೇಳಾಪಟ್ಟಿ ನೋಡಿ ವಾರದ ಮಧ್ಯೆ ಹೋಮ್ ಪಂದ್ಯ ಇದ್ದರೆ ಇಲ್ಲೇ ಹಾಕುತ್ತೇನೆ. ನನ್ನ ಕಾರಿನಲ್ಲಿ ಮೂರು ಸೀಟು ಖಾಲಿ. ಗ್ಲೌಸು, ಕಂಬಳಿ ನಿಮ್ಮದು, ಫ್ಲಾಸ್ಕಿನಲ್ಲಿ ಕಾಫಿ ನನ್ನದು.